ಮೂವತ್ಮೂರು ಕಂಬದ ಊರು

ದೀಪಾವಳಿಗೆ ಊರಿಗೆ ಹೋಗೋಕೆ ಇನ್ನೂ ಎರಡು ವಾರ ಇದ್ದಾಗ ಅಕ್ಕನ ಮಗ ವಾಟ್ಸಾಪಿನಲ್ಲಿ ಹದಿನಾಲ್ಕು ಪಿಡಿಎಫ್ ಕಳಿಸಿದ. ಜೊತೆಗೆ ಒಂದೇ ಸಾಲು: "ಮಾವ, ಇದ್ರಲ್ಲಿ ಯಾವುದನ್ನ ಬೇಸ್ ಪೇಪರ್ ಮಾಡ್ಕೊಳ್ಲಿ?" ಅವನದು ಇ ಆಂಡ್ ಇ, ಕೊನೇ ವರ್ಷ. ಇಂಜಿನಿಯರಿಂಗ್ ಓದಿದವರಿಗೆ ಬೇಸ್ ಪೇಪರ್ ಅಂದರೇನು ಅಂತ ಹೇಳಬೇಕಾಗಿಲ್ಲ. ಓದದವರಿಗೆ ಹೇಳುವುದಾದರೆ, ಯಾರೋ ಬರೆದ ಪ್ರಬಂಧವೊಂದನ್ನು ಹಿಡಿದುಕೊಂಡು, ಅದರಲ್ಲಿ ಒಂದು ತಿರುಪು ಬದಲಿಸಿ, ಫಲಿತಾಂಶ ತುಸು ಸುಧಾರಿಸಿತು ಎಂದು ತೋರಿಸಿ ಪ್ರಾಜೆಕ್ಟ್ ಮುಗಿಸುವುದು. ನಾನೂ ಇ ಆಂಡ್ ಇ ಓದಿ ಸಾಫ್ಟ್‌ವೇರಿಗೆ ಬಂದವನು. ನನ್ನದೂ ಹೀಗೇ ಮುಗಿದದ್ದು.

ಹದಿನಾಲ್ಕರಲ್ಲಿ ಅರ್ಧ ಹಳ್ಳಿಗಳ ವಿದ್ಯುತ್ ವಿತರಣೆ ಸುಧಾರಿಸುವ ಬಗ್ಗೆ, ಉಳಿದರ್ಧ ಸಣ್ಣ ಗಾಳಿಯಂತ್ರಗಳ ಬಗ್ಗೆ. ಬೇರೆ ಸಮಯದಲ್ಲಾಗಿದ್ದರೆ "ಗೈಡ್ ಹೇಳಿದ್ದನ್ನ ಮಾಡು ಮಾರಾಯ" ಅಂತ ಉತ್ತರ ಹಾಕಿ ಸುಮ್ಮನಾಗುತ್ತಿದ್ದೆ. ಆದರೆ ಅದೇ ರಾತ್ರಿ ಅಪ್ಪನ ಫೋನ್ ಬಂತು. "ಗಾಳಿಯಂತ್ರ ಹಾಕ್ಸಿದ್ರೆ ಹೆಂಗೆ? ನಿಮ್ಮಕ್ಕನ ಮಗ ಲೆಕ್ಕ ತೋರ್ಸಿದ. ಒಂದೂವರೆ ಲಕ್ಷದಾಗೆ ಆಗ್ತದಂತೆ. ಹೋದ್ ವರ್ಷದ ಅಡಿಕೆ ದುಡ್ಡು ಹಂಗೇ ಐತೆ." ಅಪ್ಪ ಬೆಂಗಳೂರಿಗೆ ಬಂದು ಹೋಗುವಾಗ ಚಿತ್ರದುರ್ಗದ ಗುಡ್ಡಗಳ ಮೇಲೆ ಆ ಬಿಳೀ ರೆಕ್ಕೆಗಳು ತಿರುಗುವುದನ್ನು ನೋಡಿದ್ದಾರೆ. ಅಲ್ಲಿ ತಿರುಗುವುದು ನಮ್ಮ ಗದ್ದೆಯಲ್ಲೂ ತಿರುಗಬಹುದು ಅನ್ನುವುದು ಅವರ ಲೆಕ್ಕ. ಮೊಮ್ಮಗನ ಪಿಡಿಎಫ್ ಆ ಲೆಕ್ಕಕ್ಕೆ ಸೀಲು ಒತ್ತಿತ್ತು.

ಹಾಗಾಗಿ ಹದಿನಾಲ್ಕನ್ನೂ ಓದಿದೆ. ಎರಡು ವೀಕೆಂಡ್ ಹೋಯಿತು.

ನಮ್ಮ ಊರು ಶಿರಾಳಕೊಪ್ಪದಿಂದ ಸೊರಬಕ್ಕೆ ಹೋಗುವ ದಾರಿಯ ಒಳಗಡೆ ಇದೆ. ಮನೆ ಸೊರಬ ತಾಲೂಕಿನಲ್ಲಿ, ಬೋರು ಇರುವ ಜಮೀನು ಶಿಕಾರಿಪುರ ತಾಲೂಕಿನಲ್ಲಿ. ಪೂರ್ತಿ ಮಲೆನಾಡೂ ಅಲ್ಲ, ಬಯಲೂ ಅಲ್ಲ. ಒಂದು ಕಡೆ ಭತ್ತ, ಅಡಿಕೆ, ಇನ್ನೊಂದು ಕಡೆ ಮೆಕ್ಕೆಜೋಳ, ಶುಂಠಿ. ಕರೆಂಟ್ ಇಲ್ಲದ ಊರಲ್ಲ ಇದು. ಪಕ್ಕದ ಸಾಗರ ತಾಲೂಕಿನಲ್ಲಿ ಜೋಗದ ವಿದ್ಯುದಾಗಾರ 1948ರಿಂದ ಇದೆ, ಲಿಂಗನಮಕ್ಕಿ ಅಣೆಕಟ್ಟು 1964ರಿಂದ. ನಮ್ಮ ಕಷ್ಟ ಬರುವ ಕರೆಂಟಿನದು. ತ್ರೀ ಫೇಸ್ ಎಷ್ಟು ಹೊತ್ತಿಗೆ ಬರುತ್ತದೆ, ಬಂದಾಗ ವೋಲ್ಟೇಜ್ ಎಷ್ಟಿರುತ್ತದೆ, ಮೋಟರ್ ಎತ್ತುತ್ತದಾ ಇಲ್ಲಾ ಗುಂಯ್ ಅಂತ ಸುಡುತ್ತದಾ ಅನ್ನುವುದು. ಅಪ್ಪನಿಗೆ ಅರವತ್ತೆಂಟು. ಇವತ್ತಿಗೂ ರಾತ್ರಿ ಎರಡು ಗಂಟೆಗೆ ಬ್ಯಾಟರಿ ಹಿಡಿದು ಸ್ಟಾರ್ಟರ್ ಹತ್ತಿರ ಹೋಗುತ್ತಾರೆ. ಈ ಪ್ರಬಂಧಗಳನ್ನು ಓದುವಾಗ ನನ್ನ ತಲೆಯಲ್ಲಿದ್ದದ್ದು ಒಂದೇ: ಇದರಿಂದ ಅಪ್ಪ ಆ ಹೊತ್ತಿಗೆ ಹೋಗುವುದು ತಪ್ಪುತ್ತದಾ?

ಮೊದಲು ಗಾಳಿ. ದುಡ್ಡು ಹೋಗುವುದು ಅಲ್ಲೇ.

ಗಾಳಿಯ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ವೇಗ ಅರ್ಧವಾದರೆ ಶಕ್ತಿ ಎಂಟನೇ ಒಂದು ಭಾಗ. ಎಲ್ಲ ಪ್ರಬಂಧಗಳ ಎರಡನೇ ಪುಟದಲ್ಲೂ ಈ ಸೂತ್ರ ಇದೆ. ಬರೆದವರು ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಅದನ್ನು ಮರೆತಿರುತ್ತಾರೆ. ಎರಡು ಮೀಟರ್ ವ್ಯಾಸದ ರೆಕ್ಕೆಯ ಒಂದು ಯಂತ್ರ ತಗೊಳ್ಳಿ. "ಒಂದು ಕಿಲೋವಾಟ್" ಅಂತ ಮಾರುವ ಯಂತ್ರಗಳು ಹೆಚ್ಚುಕಡಿಮೆ ಇಷ್ಟೇ ದೊಡ್ಡವು. ಆ ಒಂದು ಕಿಲೋವಾಟ್ ಬರುವುದು ಗಾಳಿ ಸೆಕೆಂಡಿಗೆ 11 ಅಥವಾ 12 ಮೀಟರ್ ಬೀಸಿದಾಗ, ಅಂದರೆ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ. ಅಷ್ಟು ಗಾಳಿ ಬೀಸಿದ ದಿನ ನಮ್ಮೂರಲ್ಲಿ ಜನ ಅಡಿಕೆ ಮರ ಎಷ್ಟು ಮುರಿದವು ಅಂತ ಎಣಿಸುತ್ತಾರೆ. ತೋಟದ ಪಕ್ಕ, ಮರಗಳ ತಲೆಗಿಂತ ಕೆಳಗೆ, ವರ್ಷದ ಸರಾಸರಿ ಸೆಕೆಂಡಿಗೆ 3 ಮೀಟರ್ ಅಂತ ಇಟ್ಟುಕೊಳ್ಳೋಣ. ಆ ರೆಕ್ಕೆಯ ಮೂಲಕ ಹಾದುಹೋಗುವ ಗಾಳಿಯಲ್ಲಿ ಇರುವುದೇ ಸುಮಾರು 50 ವಾಟ್. ಅದರಲ್ಲಿ ಯಾವ ಯಂತ್ರವೂ ಶೇ 59ಕ್ಕಿಂತ ಹೆಚ್ಚು ಕಸಿದುಕೊಳ್ಳಲಾರದು ಅಂತ ಜರ್ಮನಿಯ ಆಲ್ಬರ್ಟ್ ಬೆಟ್ಜ್ ಎಷ್ಟೋ ಹಿಂದೆಯೇ ಲೆಕ್ಕ ಹಾಕಿಟ್ಟಿದ್ದಾರೆ. ಸಣ್ಣ ಯಂತ್ರಗಳು ಇದರರ್ಧ ತೆಗೆದರೆ ಅದೇ ದೊಡ್ಡದು. ಕೈಗೆ ಬಂದದ್ದು ಹದಿನೈದು ವಾಟ್.

ಇಲ್ಲಿ ಪ್ರಬಂಧ ಬರೆದವರ ಪರವಾಗಿಯೂ ಒಂದು ಮಾತು ಹೇಳಬೇಕು. ಗಾಳಿ ಯಾವಾಗಲೂ ಸರಾಸರಿಯಲ್ಲಿ ಬೀಸುವುದಿಲ್ಲ. ಜೋರಾಗಿ ಬೀಸುವ ಗಂಟೆಗಳು ಘನದ ಲೆಕ್ಕದಲ್ಲಿ ತುಂಬ ಕೊಡುತ್ತವೆ. ಸಾಮಾನ್ಯವಾಗಿ ಬಳಸುವ ಏರಿಳಿತದ ಲೆಕ್ಕ ಹಾಕಿದರೆ ಒಟ್ಟು ಶಕ್ತಿ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಸರಿ, ಮೂವತ್ತು ವಾಟ್. ಇಪ್ಪತ್ನಾಲ್ಕು ಗಂಟೆಗೆ ಮುಕ್ಕಾಲು ಯೂನಿಟ್‌ಗೂ ಚೂರು ಕಡಿಮೆ. ಅಪ್ಪನ ಮೋಟರ್ 5 ಎಚ್‌ಪಿ, ಓಡುವಾಗ ನಾಲ್ಕು ಕಿಲೋವಾಟ್‌ಗಿಂತ ಜಾಸ್ತಿ ಎಳೆಯುತ್ತದೆ. ಇಡೀ ದಿನದ ಗಾಳಿಯನ್ನು ಒಂದು ಹನಿಯೂ ಚೆಲ್ಲದೆ ಬ್ಯಾಟರಿಯಲ್ಲಿ ತುಂಬಿಟ್ಟರೂ ಮೋಟರ್ ಹತ್ತು ನಿಮಿಷ ಓಡುತ್ತದೆ. ಪೈಪಿನಲ್ಲಿ ನೀರು ತೋಟದ ಆ ತುದಿ ಮುಟ್ಟುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಹಾಗಾದರೆ ಪ್ರಬಂಧದಲ್ಲಿ ಲೆಕ್ಕ ಹೇಗೆ ಕೂಡಿಬಂತು? ಅವರು ಗಾಳಿಯನ್ನು ಅಳೆದೇ ಇಲ್ಲ. ಗಾಳಿಯ ಅಂಕಿ ಬಂದಿರುವುದು ನಾಸಾದ ಕಡತದಿಂದ. ಹೋಮರ್ ಅಂತ ಒಂದು ಸಾಫ್ಟ್‌ವೇರ್ ಇದೆ, ಅಮೆರಿಕದ ಎನ್‌ಆರ್‌ಇಎಲ್ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಅದರಲ್ಲಿ ಅಕ್ಷಾಂಶ ರೇಖಾಂಶ ಹಾಕಿದರೆ ಸಾಕು, ಉಳಿದದ್ದು ತಾನೇ ತುಂಬಿಕೊಳ್ಳುತ್ತದೆ. ಇಂಥ ಪ್ರಬಂಧಗಳು ಹಲವು ವರ್ಷ ನೆಚ್ಚಿಕೊಂಡ ನಾಸಾದ ಹಳೇ ಕಡತದಲ್ಲಿ ಭೂಮಿಯನ್ನು ಒಂದೊಂದು ಡಿಗ್ರಿಯ ಚೌಕಗಳಾಗಿ ಕತ್ತರಿಸಿದ್ದಾರೆ, ಗಾಳಿಯ ವೇಗ 50 ಮೀಟರ್ ಎತ್ತರದ್ದು. ನಮ್ಮ ಚೌಕ 14ರಿಂದ 15 ಡಿಗ್ರಿ ಉತ್ತರ, 75ರಿಂದ 76 ಡಿಗ್ರಿ ಪೂರ್ವ. ಮ್ಯಾಪ್ ತೆಗೆದು ನೋಡಿ: ಸೊರಬ, ಶಿಕಾರಿಪುರ, ಸಾಗರ, ಹಾವೇರಿ, ರಾಣೇಬೆನ್ನೂರು, ದಾವಣಗೆರೆ ಎಲ್ಲ ಅದೇ ಚೌಕದೊಳಗೆ. ಸೊರಬದ ಕಾಡಿಗೂ ದಾವಣಗೆರೆಯ ಬಯಲಿಗೂ ಒಂದೇ ಗಾಳಿ! ಆಮೇಲೆ ಆ 50 ಮೀಟರಿನ ಗಾಳಿಯನ್ನು 12 ಮೀಟರಿನ ಕಂಬಕ್ಕೆ ಇಳಿಸಬೇಕು. ಅದಕ್ಕೊಂದು ಸೂತ್ರ ಇದೆ, ಸೂತ್ರದಲ್ಲೊಂದು ಘಾತಾಂಕ ಇದೆ. ಬಯಲಿಗೆ ಏಳನೇ ಒಂದು ಅಂತ ಹಾಕುವುದು ರೂಢಿ. ಮರಗಿಡ ದಟ್ಟವಾಗಿರುವ ಕಡೆ ಅದು 0.3 ಇರಬಹುದು. ನಾನೇ ಕೂತು ಹಾಕಿ ನೋಡಿದೆ: ಈ ಒಂದು ಅಂಕಿ ಬದಲಿಸಿದರೆ ಸಿಗುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಗಾಳಿಯಂತ್ರ ಹಾಕಬೇಕೋ ಬೇಡವೋ ಅನ್ನುವುದನ್ನು ತೀರ್ಮಾನಿಸುವ ಅಂಕಿಯನ್ನು "ಅಸ್ಯೂಮ್ಡ್" ಅಂತ ಒಂದು ಪದದಲ್ಲಿ ಮುಗಿಸಿದ್ದಾರೆ.

ಇನ್ನೊಂದು ವಿಷಯ, ಇದು ಊರಲ್ಲಿ ಬೆಳೆದ ಯಾರಿಗೂ ಗೊತ್ತು. ನಮ್ಮ ಕಡೆ ಗಾಳಿ ಜೋರು ಜೂನ್‌ನಿಂದ ಆಗಸ್ಟ್‌ವರೆಗೆ, ಮಳೆಯ ಜೊತೆ. ಆಗ ಮೋಟರ್ ಯಾರಿಗೂ ಬೇಡ. ನೀರು ಬೇಕಾಗುವುದು ಫೆಬ್ರವರಿಯಿಂದ ಮೇವರೆಗೆ. ವರ್ಷದ ಒಟ್ಟು ಉತ್ಪಾದನೆ, ವರ್ಷದ ಒಟ್ಟು ಬೇಡಿಕೆ ಎರಡನ್ನೂ ಅಕ್ಕಪಕ್ಕ ಇಟ್ಟು "ಸರಿಹೋಗುತ್ತದೆ" ಅನ್ನುವ ಕೋಷ್ಟಕ ನೋಡಿದಾಗ ನಗು ಬಂತು. ಹಾಗೆ ನೋಡಿದರೆ ನಮ್ಮೂರಿಗೆ ನೀರಿನ ಕೊರತೆಯೇ ಇಲ್ಲ, ಜುಲೈ ಮಳೆಯನ್ನು ಏಪ್ರಿಲ್‌ಗೆ ಹಂಚಿದರಾಯಿತು. (ಸೋಲಾರ್ ಯಾಕಲ್ಲ ಅಂತ ನೀವು ಕೇಳ್ತೀರಿ. ಕೇಳಬೇಕಾದ್ದೇ. ಬಿಸಿಲು ಮತ್ತು ಬಾಯಾರಿಕೆ ಒಂದೇ ಕಾಲಕ್ಕೆ ಬರುವುದರಿಂದ ಆ ಲೆಕ್ಕ ಬೇರೆ. ಹದಿನಾಲ್ಕರಲ್ಲಿ ಅದನ್ನು ಎದುರಿಗಿಟ್ಟು ಹೋಲಿಸಿದ್ದು ಎರಡೇ.)

ಅಳೆದು ನೋಡಿದವರು ಏನು ಕಂಡರು? ಬ್ರಿಟನ್ನಿನಲ್ಲಿ ವಾರಿಕ್ ವಿಂಡ್ ಟ್ರಯಲ್ಸ್ ಅಂತ ನಡೆಯಿತು, 2007-08ರಲ್ಲಿ. ಕಟ್ಟಡಗಳ ಮೇಲೆ ಕೂರಿಸಿದ 26 ಸಣ್ಣ ಗಾಳಿಯಂತ್ರಗಳನ್ನು ಒಂದು ವರ್ಷದಷ್ಟು ಕಾಲ ಗಮನಿಸಿದರು. ನಿಂತಿದ್ದ ದಿನಗಳನ್ನೂ ಸೇರಿಸಿ ಲೆಕ್ಕ ಹಾಕಿದಾಗ ಅವು ಕೊಟ್ಟದ್ದು ತಮ್ಮ ಹಣೆಪಟ್ಟಿಯ ಸಾಮರ್ಥ್ಯದ ಶೇ 1ಕ್ಕಿಂತ ಕಡಿಮೆ. ಗಾಳಿಯ ನಕ್ಷೆ ಹೇಳಿದ ವೇಗಕ್ಕೂ ಅಲ್ಲಿ ಅಳೆದ ವೇಗಕ್ಕೂ ತಾಳೆಯಾಗಲಿಲ್ಲ. ಒಳ್ಳೆಯ ಜಾಗದಲ್ಲಿದ್ದ ಕೆಲವನ್ನು ಸದ್ದು ತಡೆಯಲಾರದೆ ನಿಲ್ಲಿಸಬೇಕಾಯಿತು. ಗಾಳಿಗೆ ಹೆಸರಾದ ದೇಶದ ಕತೆ ಇದು. ನನಗೆ ಆ ವರದಿ ಇಷ್ಟವಾಗಲು ಕಾರಣ, ಅದು ಕೆಟ್ಟ ಸುದ್ದಿಯನ್ನು ಮುಚ್ಚಿಡದೆ ಹೇಳುತ್ತದೆ. ನಮ್ಮ ಪ್ರಬಂಧಗಳಲ್ಲಿ "ಕಾರ್ಯಸಾಧ್ಯವಲ್ಲ" ಅಂತ ಮುಗಿಯುವುದು ಒಂದೂ ಸಿಗಲಿಲ್ಲ. ಎಲ್ಲ ಊರಲ್ಲೂ ಎಲ್ಲವೂ ಸಾಧ್ಯ.

ನಮ್ಮಲ್ಲೂ ಒಳ್ಳೆಯ ಕೆಲಸ ಆಗಿದೆ, ಅದನ್ನು ಯಾರೂ ಉಲ್ಲೇಖಿಸುವುದಿಲ್ಲ ಅನ್ನುವುದು ಬೇಜಾರು. ಬೆಂಗಳೂರಿನ ಎನ್‌ಎಎಲ್ 1960ರ ದಶಕದಲ್ಲೇ ನೀರೆತ್ತುವ ಗಾಳಿಯಂತ್ರ ಮಾಡಿತ್ತು. ಐಐಎಸ್‌ಸಿಯ ಎಸ್.ಪಿ. ಗೋವಿಂದರಾಜು ಮತ್ತು ರೊದ್ದಂ ನರಸಿಂಹ 1979ರಲ್ಲಿ ಬಟ್ಟೆಯ ಹಾಯಿ ಕಟ್ಟಿದ ಕಡಿಮೆ ಖರ್ಚಿನ ಸವೋನಿಯಸ್ ಯಂತ್ರದ ಬಗ್ಗೆ ಬರೆದರು. ವಿಮಾನದ ಗಾಳಿ ಓದಿದ ದೊಡ್ಡ ವಿಜ್ಞಾನಿ ಹಳ್ಳಿಯ ಬಾವಿಯ ಹತ್ತಿರದ ಗಾಳಿಗೆ ಬಟ್ಟೆ ಕಟ್ಟಿ ನೋಡಿದ್ದು! ಅವರ ಗುರಿ ಸಣ್ಣದು: ಮಂದಗಾಳಿಯಲ್ಲಿ, ಕರೆಂಟ್ ಮಾಡುವ ಗೋಜಿಗೇ ಹೋಗದೆ ನೇರ ನೀರೆತ್ತುವುದು. ಅದು ತೆರೆದ ಬಾವಿಗಳ ಕಾಲ. ಈಗ ನೀರು ನಾನೂರು ಅಡಿಗೆ ಇಳಿದಿದೆ, ಆ ಯಂತ್ರದ ಕಾಲ ಮುಗಿದಿದೆ. ಆದರೂ ಆ ಪ್ರಶ್ನೆ ಇಟ್ಟುಕೊಂಡ ರೀತಿ, ಎಷ್ಟು ಗಾಳಿಗೆ ಎಷ್ಟು ನೀರು ಎಷ್ಟು ಖರ್ಚಿಗೆ ಅನ್ನುವುದು, ಇವತ್ತಿನ ಹದಿನಾಲ್ಕಕ್ಕಿಂತ ನೇರವಾಗಿದೆ.

ಗಾಳಿ ಸಾಕು. ವಿತರಣೆಗೆ ಬರುತ್ತೇನೆ. ಇಲ್ಲಿ ದುಡ್ಡು ಹೋಗುವುದಿಲ್ಲ, ಆದರೆ ವರ್ಷಗಳು ಹೋಗುತ್ತವೆ.

ವಿತರಣೆಯ ಏಳು ಪ್ರಬಂಧಗಳಲ್ಲಿ ಐದು ಒಂದೇ ಊರಿನ ಬಗ್ಗೆ ಬರೆದವು. ಆ ಊರಿನಲ್ಲಿ ಮೂವತ್ಮೂರು ಕಂಬ. ಇಂಜಿನಿಯರಿಂಗ್ ಭಾಷೆಯಲ್ಲಿ "33 ಬಸ್" ಅನ್ನುತ್ತಾರೆ, ಬಸ್ ಅಂದರೆ ಶಿರಾಳಕೊಪ್ಪದ ಬಸ್ಸಲ್ಲ, ತಂತಿಗಳು ಸೇರುವ ಜಾಗ. ನಾನು ಅನುಕೂಲಕ್ಕೆ ಕಂಬ ಅನ್ನುತ್ತಿದ್ದೇನೆ. 1989ರಲ್ಲಿ ಬರಾನ್ ಮತ್ತು ವೂ ಅನ್ನುವ ಇಬ್ಬರು ಐ ಟ್ರಿಪಲ್ ಇ ಪತ್ರಿಕೆಯೊಂದರಲ್ಲಿ ಪ್ರಬಂಧ ಬರೆದರು. ಫೀಡರಿನ ಸ್ವಿಚ್‌ಗಳನ್ನು ಬದಲಿಸಿ ನಷ್ಟ ಕಡಿಮೆ ಮಾಡುವುದು ಹೇಗೆ ಎಂಬುದು ವಿಷಯ. ಅದರಲ್ಲಿ ಉದಾಹರಣೆಗೆಂದು ಕೊಟ್ಟ ಜಾಲವೇ ಈ ಮೂವತ್ಮೂರು. 12.66 ಕಿಲೋವೋಲ್ಟ್, ಒಟ್ಟು ಲೋಡ್ 3715 ಕಿಲೋವಾಟ್, ನಷ್ಟ 202 ಚಿಲ್ಲರೆ ಕಿಲೋವಾಟ್, ಹದಿನೆಂಟನೇ ಕಂಬದಲ್ಲಿ ವೋಲ್ಟೇಜ್ ಎಲ್ಲಕ್ಕಿಂತ ಕಡಿಮೆ. ಈ ಅಂಕಿಗಳು ನನಗೆ ಬಾಯಿಪಾಠ. ಯಾಕೆಂದರೆ ನನ್ನ ಪ್ರಾಜೆಕ್ಟಿನ ಊರೂ ಇದೇ. ಶೀರ್ಷಿಕೆಯಲ್ಲಿ ಶಿಕಾರಿಪುರ ಅಂತಿತ್ತು. ಒಳಗಿದ್ದದ್ದು ಬರಾನ್ ಮತ್ತು ವೂ.

ಆ ಇಬ್ಬರ ತಪ್ಪೇನಿಲ್ಲ. ವಿಧಾನಗಳನ್ನು ಒಂದಕ್ಕೊಂದು ಹೋಲಿಸೋಕೆ ಎಲ್ಲರಿಗೂ ಒಂದೇ ಮೈದಾನ ಬೇಕು, ನಮ್ಮ ಸಾಫ್ಟ್‌ವೇರಿನಲ್ಲೂ ಬೆಂಚ್‌ಮಾರ್ಕ್ ಇರುತ್ತದಲ್ಲ ಹಾಗೆ. ತೊಂದರೆ ಆಗುವುದು ಬೆಂಚ್‌ಮಾರ್ಕೇ ಊರಾದಾಗ. ಆ ಮೂವತ್ಮೂರು ಕಂಬಕ್ಕೆ ಎಲ್ಲೆಲ್ಲಿ ಕೆಪಾಸಿಟರ್ ಕೂರಿಸಬೇಕು, ಎಲ್ಲಿ ಸಣ್ಣ ಜನರೇಟರ್ ಇಡಬೇಕು ಅಂತ ಹುಡುಕೋಕೆ ಬಳಸಿದ ವಿಧಾನಗಳ ಹೆಸರು ಕೇಳಿ: ಬೂದು ತೋಳ, ತಿಮಿಂಗಿಲ, ಮಿಂಚುಹುಳ, ಜೇನುಗೂಡು. ಇಡೀ ಪ್ರಾಣಿಸಂಗ್ರಹಾಲಯ ಬಂದು ಒಂದೇ ಫೀಡರನ್ನು ಮೂವತ್ತು ವರ್ಷಗಳಿಂದ ರಿಪೇರಿ ಮಾಡುತ್ತಿದೆ. ತೋಳಕ್ಕಿಂತ ತಿಮಿಂಗಿಲ ಒಂದೆರಡು ಕಿಲೋವಾಟ್ ಜಾಸ್ತಿ ಉಳಿಸುತ್ತದೆ. ಅಷ್ಟರಲ್ಲಿ ಯಾರಿಗೂ ಒಂದು ಪದವಿ.

ಆ ಊರಿನ ಲೋಡು ಅಲುಗಾಡುವುದಿಲ್ಲ. ಮೂರೂ ಫೇಸಿನಲ್ಲಿ ಸಮವಾಗಿ ಹಂಚಿರುತ್ತದೆ. ನಮ್ಮೂರಿನ ಟಿಸಿ ಹತ್ತಿರ ಬಂದು ನೋಡಿ. ಮನೆಗಳ ಲೋಡು ಯಾವ ಫೇಸ್ ಹತ್ತಿರ ಇತ್ತೋ ಅದಕ್ಕೆ ಸೇರಿದೆ. ಒಂದು ಫೇಸ್ ಬಾಗಿ ಹೋಗಿದೆ, ಇನ್ನೊಂದು ಖಾಲಿ. ತ್ರೀ ಫೇಸ್ ಬಂದ ಕೂಡಲೇ ಆಟೋ ಸ್ಟಾರ್ಟರ್ ಇರುವ ಮೋಟರ್‌ಗಳೆಲ್ಲ ಒಟ್ಟಿಗೇ ಎದ್ದು ಕೂರುತ್ತವೆ. ಇಂಡಕ್ಷನ್ ಮೋಟರ್ ಸ್ಟಾರ್ಟ್ ಆಗುವಾಗ ಓಡುವ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಎಲ್ಲ ಒಂದೇ ಸೆಕೆಂಡಿನಲ್ಲಿ ಎಳೆದರೆ ಲೈನಿನ ಕೊನೆಯಲ್ಲಿ ವೋಲ್ಟೇಜ್ ಕುಸಿಯುತ್ತದೆ, ಕೊನೆಯ ಮೋಟರ್ ಎತ್ತಲಾರದೆ ನಿಂತಲ್ಲೇ ಗುಂಯ್ ಅನ್ನುತ್ತದೆ, ವೈಂಡಿಂಗ್ ಕಾದು ಸುಡುತ್ತದೆ. ನಮ್ಮದು ಲೈನಿನ ಕೊನೆಯ ಬೋರು. ಅಪ್ಪ ಆಟೋ ಹಾಕಿಸದೆ ರಾತ್ರಿ ಎದ್ದು ಹೋಗುವುದು ಅದಕ್ಕೇ: ಎಲ್ಲರ ಮೋಟರ್ ಎತ್ತಿದ ಮೇಲೆ, ವೋಲ್ಟೇಜ್ ನೋಡಿಕೊಂಡು ಹಸಿರು ಬಟನ್ ಒತ್ತುತ್ತಾರೆ. ವಯಸ್ಸಾದ ಮನುಷ್ಯನೊಬ್ಬ ಮಾಡುತ್ತಿರುವ ಈ ಲೋಡ್ ಮ್ಯಾನೇಜ್‌ಮೆಂಟ್ ಯಾವ ಮಾದರಿಯಲ್ಲೂ ಇಲ್ಲ.

ನಿಮ್ಮ ಆಫೀಸಿನಲ್ಲಿ ಸರ್ವರ್ ಲೇಟೆನ್ಸಿಯ ಸರಾಸರಿ ಮಾತ್ರ ತೋರಿಸಿ ನೋಡಿ, ಯಾರೂ ಒಪ್ಪುವುದಿಲ್ಲ. ಪಿ99 ಎಷ್ಟು ಅಂತ ಕೇಳುತ್ತಾರೆ, ಅಂದರೆ ಅತಿ ಕೆಟ್ಟ ಅನುಭವ ಪಡೆದ ನೂರಕ್ಕೊಬ್ಬನ ಕತೆ ಏನು ಅಂತ. ಕಾರ್ಟ್ ಪೇಜ್ ಮೂರು ಸೆಕೆಂಡ್ ತಡವಾದರೆ ಇಷ್ಟು ತಲೆ ಕೆಡಿಸಿಕೊಳ್ಳುವ ನಾವು, ಫೀಡರಿನ ಒಟ್ಟು ನಷ್ಟ ಶೇ 2 ಇಳಿಯಿತು ಅನ್ನುವ ವಾಕ್ಯ ಓದಿದಾಗ ಕೊನೆಯ ಕಂಬದವನಿಗೆ ಏನಾಯಿತು ಅಂತ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಇಷ್ಟಕ್ಕೂ ಅಂಕಿ ಯಾಕಿಲ್ಲ? ಇಲ್ಲೊಂದು ನಮ್ಮ ಎರಡು ತಾಲೂಕಿನದ್ದೇ ಕತೆ ಇದೆ. 1990ರಿಂದ 1992ರವರೆಗೆ ಮುಖ್ಯಮಂತ್ರಿಯಾಗಿದ್ದ ಸೊರಬದ ಎಸ್. ಬಂಗಾರಪ್ಪ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಕೊಟ್ಟರು. 2008ರಲ್ಲಿ ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿಯಾದಾಗ ಮತ್ತೆ ಅದೇ 10 ಎಚ್‌ಪಿ ಮಿತಿಗೆ ಉಚಿತ ಎಂದರು. ಅಕ್ಕಪಕ್ಕದ ಎರಡು ತಾಲೂಕು, ಬೇರೆ ಬೇರೆ ಪಕ್ಷ, ಒಂದೇ ನಿರ್ಧಾರ. ನಾನು ಅದನ್ನು ಹಳಿಯುವ ಪೈಕಿ ಅಲ್ಲ. ನನ್ನ ಸೆಮಿಸ್ಟರ್ ಫೀಸು ಆ ಬೋರಿನ ನೀರಿನಿಂದಲೇ ಬಂದದ್ದು. ಆದರೆ ಬಿಲ್ ಇಲ್ಲದ ಕಡೆ ಮೀಟರ್ ಓದುವವರಿಲ್ಲ. ಓದದ ಮೇಲೆ ಪಂಪ್‌ಸೆಟ್ ಎಷ್ಟು ಯೂನಿಟ್ ಬಳಸಿತು ಅನ್ನುವುದು ಅಂದಾಜು. ಅಂದಾಜಿನ ಸಂಖ್ಯೆ ದೊಡ್ಡದಾದಷ್ಟೂ ನಷ್ಟದ ಸಂಖ್ಯೆ ಸಣ್ಣದಾಗುತ್ತದೆ, ಯಾಕೆಂದರೆ ಎರಡೂ ಒಂದೇ ರೊಟ್ಟಿಯ ತುಂಡುಗಳು. ಪುಣೆಯ ಪ್ರಯಾಸ್ ಗುಂಪಿನ ಗಿರೀಶ್ ಸಂತ್ ಮತ್ತು ಶಂತನು ದೀಕ್ಷಿತ್ ಮಹಾರಾಷ್ಟ್ರದ ಬಗ್ಗೆ 1996ರಲ್ಲೇ ಇದನ್ನು ಬರೆದರು, ರೈತರ ಹೆಸರಲ್ಲಿ ತೋರಿಸುವ ಬಳಕೆ ನಿಜಕ್ಕಿಂತ ಹೆಚ್ಚು ಅಂತ. ನನ್ನ ಹದಿನಾಲ್ಕು ಪ್ರಬಂಧಗಳಲ್ಲಿ ಪಂಪ್‌ಸೆಟ್ ಲೋಡಿನ ಅಂಕಿ ಎಲ್ಲಿಂದ ಬಂತು ಅಂತ ಹುಡುಕಿದರೆ ಕೊನೆಗೆ ಸಿಗುವುದು ಇಂಥದೇ ಅಂದಾಜು, ದಶಾಂಶದ ನಂತರ ಎರಡು ಸ್ಥಾನದವರೆಗೆ.

ಅಂಕಿ ಸಿಗುವ ಕಡೆಯೂ ಕೇಳುವ ರೀತಿ ತಪ್ಪಿದರೆ ಸಿಗುವುದಿಲ್ಲ. ನನ್ನ ಪ್ರಾಜೆಕ್ಟಿಗೆ ಅಂತ ಒಂದು ದಿನ ಮಾತ್ರ ಊರಲ್ಲಿ ಫಾರ್ಮ್ ಹಿಡಿದು ತಿರುಗಿದ್ದೆ. "ಕಂಡೆನ್ಸರ್ ಇದೆಯೇ?" ಅನ್ನುವ ಪ್ರಶ್ನೆಗೆ ಹೆಚ್ಚಿನವರು "ಐತೆ" ಅಂದರು. ಪವರ್ ಫ್ಯಾಕ್ಟರ್ ಸರಿಮಾಡುವ ಕೆಪಾಸಿಟರ್ ಎಲ್ಲರೂ ಹಾಕಿದ್ದಾರೆ ಅಂತ ನಾನು ಖುಷಿಯಿಂದ ಬರೆದುಕೊಂಡೆ. ಸಂಜೆ ದೊಡ್ಡಪ್ಪ ನಕ್ಕರು. "ಅದು ಸಿಂಗಲ್ ಫೇಸ್‌ನಾಗೆ ಮೋಟರ್ ಓಡ್ಸಕೆ ಹಾಕದು ಕಣೋ. ನೀನು ಆಫೀಸಿಂದ ಬಂದವ್ನು ಅನ್ಕಂಡು ಅರ್ಧ ಜನ ಇಲ್ಲ ಅಂತ ಸುಳ್ ಹೇಳಿರ್ತಾರೆ." ಹೆಸರು ಒಂದೇ, ಕೆಲಸ ಉಲ್ಟಾ. ನಿಜವಾದ ಕೆಪಾಸಿಟರನ್ನು ಮೋಟರ್ ಹತ್ತಿರವೇ ಹಾಕಿ ಪವರ್ ಫ್ಯಾಕ್ಟರನ್ನು 0.7ರಿಂದ 0.9ಕ್ಕೆ ತಂದರೆ ಅಷ್ಟೇ ಕೆಲಸಕ್ಕೆ ತಂತಿಯಲ್ಲಿ ಹರಿಯುವ ಕರೆಂಟ್ ಇಳಿದು, ಆ ಲೋಡಿನಿಂದ ತಂತಿಯಲ್ಲಾಗುವ ನಷ್ಟ ಸುಮಾರು ಶೇ 40 ಕಡಿಮೆಯಾಗುತ್ತದೆ. ತೋಳವೂ ಬೇಡ ತಿಮಿಂಗಿಲವೂ ಬೇಡ, ಡಿಪ್ಲೊಮಾದಲ್ಲಿ ಕಲಿಸುವ ಲೆಕ್ಕ. ಆ ಕೆಪಾಸಿಟರ್ ಹಾಕಿದ ಎರಡು ವರ್ಷಕ್ಕೆ ಯಾಕೆ ಬಿಚ್ಚಿ ಮೂಲೆಗೆ ಬೀಳುತ್ತದೆ, ಅದರಿಂದ ರೈತನಿಗೇನು ಲಾಭ, ಬಿಲ್ಲೇ ಇಲ್ಲದವನು ಅದನ್ನು ಯಾಕೆ ಕಾಪಾಡಬೇಕು? ಒಂದು ಒಳ್ಳೆಯ ಅಧ್ಯಯನ ಶುರುವಾಗಬೇಕಾದ್ದು ಇಲ್ಲಿಂದ.

ಅಂಥ ಅಧ್ಯಯನ ಕರ್ನಾಟಕಕ್ಕೆ ಹೊಸದೇನಲ್ಲ. 1974ರಲ್ಲಿ ಐಐಎಸ್‌ಸಿಯಲ್ಲಿ ಅಮೂಲ್ಯ ರೆಡ್ಡಿ "ಅಸ್ತ್ರ" ಶುರು ಮಾಡಿದರು. ಅವರ ತಂಡ ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಮೊದಲು ಮಾಡಿದ್ದು ಎಣಿಕೆ: ಯಾವ ಮನೆ ಯಾವ ಕೆಲಸಕ್ಕೆ ಎಷ್ಟು ಸೌದೆ, ಎಷ್ಟು ಸೀಮೆಎಣ್ಣೆ, ಎಷ್ಟು ಕರೆಂಟ್, ಎಷ್ಟು ಮನುಷ್ಯರ ದುಡಿಮೆ. ಆಗ ಕಂಡದ್ದು, ಹಳ್ಳಿಯ ಶಕ್ತಿಯ ಬಹುಪಾಲು ಒಲೆಗೆ ಹೋಗುವ ಸೌದೆ. 1987ರ ಹೊತ್ತಿಗೆ ಅಲ್ಲಿ ಸಗಣಿ ಅನಿಲದಿಂದ ಎಂಜಿನ್ ಓಡಿಸಿ ಮನೆಗಳಿಗೆ ಟ್ಯೂಬ್‌ಲೈಟ್ ಮತ್ತು ನಲ್ಲಿ ನೀರು ಕೊಟ್ಟರು. ಗ್ರಿಡ್ಡಿನ ಕರೆಂಟ್ ಆ ಊರಿಗೆ ಮೊದಲೇ ಬಂದಿತ್ತು, ಆದರೂ ಕೊಟ್ಟರು, ಯಾಕೆಂದರೆ ಜನರಿಗೆ ಬೇಕಿದ್ದದ್ದು ನಂಬಬಹುದಾದ ಬೆಳಕು, ನೀರು. ಪುರದ ಪ್ರಯೋಗ ರಾಜ್ಯದ ಎಲ್ಲ ಹಳ್ಳಿಗೂ ಹರಡಲಿಲ್ಲ, ಅದರ ಮಿತಿಗಳು ಇದ್ದವು. ಆದರೆ ಅದರ ಅಂಕಿಗಳು ಪುರದ್ದೇ ಅಂಕಿಗಳು.

ಗುಜರಾತಿನ ಜ್ಯೋತಿಗ್ರಾಮ ಯೋಜನೆಯ ಬಗ್ಗೆ ತುಷಾರ್ ಶಾ ಮತ್ತು ಶಿಲ್ಪ್ ವರ್ಮಾ 2008ರಲ್ಲಿ ಬರೆದದ್ದನ್ನೂ ಅಳಿಯನಿಗೆ ಕಳಿಸಿದೆ. ಮನೆಗಳ ಫೀಡರ್ ಬೇರೆ, ಪಂಪ್‌ಸೆಟ್‌ಗಳ ಫೀಡರ್ ಬೇರೆ ಮಾಡುವ ಯೋಜನೆ, ನಮ್ಮ ನಿರಂತರ ಜ್ಯೋತಿಯ ದಾರಿಯೂ ಅದೇ. ಅವರು ಅದನ್ನು ಹೊಗಳುತ್ತಾರೆ. ಹೊಗಳುತ್ತಲೇ, ಬೋರ್ ಇರುವವರಿಂದ ನೀರು ಕೊಂಡು ಬೆಳೆ ತೆಗೆಯುತ್ತಿದ್ದ ಸಣ್ಣ ರೈತರು, ಗೇಣಿದಾರರು ಇದರಿಂದ ಸೋತರು ಅಂತಲೂ ಬರೆಯುತ್ತಾರೆ. ಲೋಡ್ ಫ್ಲೋ ಪ್ರೋಗ್ರಾಂ ಓಡಿಸಿದರೆ ಇದು ಸಿಗುವುದಿಲ್ಲ. ಹಾಗಂತ ಯಂತ್ರಗಳಿಂದಲೂ ಅಳೆಯಬಹುದು: ಪ್ರಯಾಸ್‌ನವರು ಮನೆಯ ಪ್ಲಗ್ಗಿಗೆ ಸಣ್ಣ ಪೆಟ್ಟಿಗೆ ಸಿಕ್ಕಿಸಿ ನಿಮಿಷ ನಿಮಿಷದ ವೋಲ್ಟೇಜ್ ದಾಖಲಿಸುವ ಕೆಲಸ ಹಲವು ರಾಜ್ಯಗಳಲ್ಲಿ ಮಾಡಿ, ಆ ದತ್ತಾಂಶವನ್ನು ಎಲ್ಲರಿಗೂ ಬಿಟ್ಟರು. ನಾನು ಓದಿದ ಪ್ರಬಂಧಗಳು ಅದನ್ನೂ ಮುಟ್ಟಿಲ್ಲ.

ದೀಪಾವಳಿಗೆ ಹೋದಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಹತ್ತು ನಿಮಿಷದ ಲೆಕ್ಕ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಆ ಓದಿದೋರು ಯಾಕೆ ಬರ್ದಿದ್ರು?" ಅಂದರು. ಗೈಡ್, ಪಬ್ಲಿಕೇಶನ್, ಮಾರ್ಕ್ಸು ಅಂತೆಲ್ಲ ವಿವರಿಸೋಕೆ ಹೋದೆ. ಅವರಿಗೆ ಅದು ಉತ್ತರ ಅನ್ನಿಸಲಿಲ್ಲ. ಅಳಿಯ ಕೇಳಿದ್ದು ಇನ್ನೂ ಕಷ್ಟದ ಪ್ರಶ್ನೆ: "ಮಾವ, ಅಳೆಯೋದು ಸರಿ. ಎಂಟು ತಿಂಗಳಲ್ಲಿ ಪ್ರಾಜೆಕ್ಟ್ ಮುಗೀಬೇಕು. ಒಂದು ವರ್ಷದ ಡೇಟಾ ಎಲ್ಲಿಂದ ತರ್ಲಿ?"

ಅಡುಗೆಮನೆ ಬಾಗಿಲ ಹಿಂದೆ ನಮ್ಮ ಮನೆಯ ಕ್ಯಾಲೆಂಡರ್ ತೂಗುಹಾಕಿರುತ್ತದೆ, ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಎಲ್ಲ ಅದರಲ್ಲೇ. ಅಮ್ಮ ಅದನ್ನು ತೋರಿಸಿ, "ಅದ್ರಾಗೆ ನಿಮ್ಮಪ್ಪ ಕರೆಂಟಿಂದೂ ಬರೀತಾರಲ್ಲ" ಅಂದರು. ನೋಡಿದರೆ ಹೌದು. ಪ್ರತಿ ದಿನದ ಚೌಕದ ಮೂಲೆಯಲ್ಲಿ ತ್ರೀ ಫೇಸ್ ಬಂದ ಹೊತ್ತು, ಹೋದ ಹೊತ್ತು, ಸ್ಟಾರ್ಟರ್ ಪೆಟ್ಟಿಗೆಯ ಮೀಟರ್ ತೋರಿಸಿದ ವೋಲ್ಟು. ಮೋಟರ್ ಸುಟ್ಟ ದಿನಕ್ಕೆ ಸುತ್ತ ಗೆರೆ, ಪಕ್ಕದಲ್ಲಿ ರಿವೈಂಡಿಂಗಿನ ದುಡ್ಡು. ನೀರಿನ ಪಾಳಿ ಲೆಕ್ಕಕ್ಕೆ ಅಂತ ಬರೆಯೋಕೆ ಶುರು ಮಾಡಿದ್ದಂತೆ, ದೊಡ್ಡಪ್ಪನಿಗೂ ಅಪ್ಪನಿಗೂ ಒಂದೇ ಬೋರ್ ಇದ್ದಾಗ. ಹಳೇ ಕ್ಯಾಲೆಂಡರ್ ಅಟ್ಟದಲ್ಲಿವೆ ಅಂದರು.

ಅಳಿಯ ಆರು ವರ್ಷದವನ್ನು ಇಳಿಸಿ, ಜಗಲಿಯಲ್ಲಿ ಹರಡಿ, ಮೊಬೈಲಿನಲ್ಲಿ ಫೋಟೊ ತೆಗೆದ. ಒಂದು ವರ್ಷದ್ದರಲ್ಲಿ ಮಾರ್ಚ್, ಏಪ್ರಿಲ್ ಹಾಳೆಗಳಿಲ್ಲ. ಅವನದೇ ಏಳನೇ ಕ್ಲಾಸಿನ ಪುಸ್ತಕಗಳಿಗೆ ಬೈಂಡ್ ಹಾಕೋಕೆ ಹರಿದದ್ದಂತೆ. ಈಗ ಎಕ್ಸೆಲ್‌ಗೆ ಏರಿಸುತ್ತಿದ್ದಾನೆ. ಗೈಡ್ ಇದರಲ್ಲಿ ನಾವೆಲ್ಟಿ ಏನು ಅಂತ ಕೇಳಿದ್ದಾರಂತೆ. ಅಡಿಕೆ ದುಡ್ಡಿನಲ್ಲಿ ಅಪ್ಪ ಅಂಗಳಕ್ಕೆ ಶೀಟ್ ಹಾಕಿಸಿದರು. ರಾತ್ರಿ ಎರಡು ಗಂಟೆಗೆ ಈಗಲೂ ಹೋಗುತ್ತಾರೆ.